ದಾರಿಗೆ ಬಿಟ್ಟ ಒಂದು ದಿನ

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನಲ್ಲಿ ಸ್ವಲ್ಪ ಎಡಕ್ಕೆ ಬಾಗಿತ್ತು. ಆ ಬೆರಳನ್ನು ಸ್ಟೀಲಿನ ಲೋಟದ ನೀರಿನಲ್ಲಿ ಅದ್ದಿ, ಮೇಜಿಗೆ ಹಾಸಿದ ಗಾಜಿನ ಮೇಲೆ ಅವರು ದಾರಿ ಬರೆಯುತ್ತಿದ್ದರು. ಗೆರೆ ನೇರವಾಗಿ ಬಂದದ್ದನ್ನು ನಾನು ಕಂಡಿಲ್ಲ. ಸೊಲ್ಲಾಪುರದ ರೈಲು ಕೂಡ ಅವರ ಬೆರಳಿನ ಕೆಳಗೆ ಎಡಕ್ಕೆ ವಾಲಿಕೊಂಡೇ ಹೋಗುತ್ತಿತ್ತು. ಊರು ಬಂದಲ್ಲಿ ಒಂದು ದೊಡ್ಡ ಹನಿ, ಗಾಡಿ ಬದಲಿಸುವಲ್ಲಿ ಒಂದು ಸಣ್ಣ ಹನಿ. ತಲೆಯ ಮೇಲಿನ ಫ್ಯಾನಿನ ಗಾಳಿಗೆ ಆ ನಕ್ಷೆ ಆರುವಷ್ಟರಲ್ಲಿ ಎದುರಿಗೆ ಕುಳಿತವರು ಅದನ್ನು ಮನಸ್ಸಿಗೆ ತೆಗೆದುಕೊಂಡಿರಬೇಕು. ಬರೆದುಕೊಡಿರೆಂದರೆ ಒಪ್ಪುತ್ತಿರಲಿಲ್ಲ.

“ಕಾಗದಾ ಕೊಟ್ರ ಮಂದಿ ಕಾಗದಾನ ನೋಡ್ಕೋತ ಹೋಗ್ತಾರ್ರಿ. ದಾರಿ ಯಾರ ನೋಡಬೇಕು?”

ಮುಂಬೈಯ ಸಯನ್ ಸ್ಟೇಷನ್ನಿನ ಪೂರ್ವಕ್ಕೆ, ಹಳೆಯ ಬಿಲ್ಡಿಂಗೊಂದರ ಮೆಟ್ಟಿಲುಗಳ ಕೆಳಗಿನ ಇಕ್ಕಟ್ಟಾದ ಜಾಗವೇ ಅವರ ಕಚೇರಿ. ಒಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಮಸೀದಿಯ ನಮಾಜಿನ ವೇಳಾಪಟ್ಟಿ. ಅದರ ಪಕ್ಕದಲ್ಲಿಯೇ ಪ್ರತಿವರ್ಷ ಯುಗಾದಿಗೆ ಬದಲಾಗುವ ನಮ್ಮ ಕನ್ನಡ ಪಂಚಾಂಗದ ಕ್ಯಾಲೆಂಡರು. ಬಿಲ್ಡಿಂಗಿನ ಕನ್ನಡದವರೆಲ್ಲ ಅವರನ್ನು ಟಿಕೆಟಿನ ಸಾಹೇಬರು ಎನ್ನುತ್ತಿದ್ದರು. ವಿಜಯಪುರದ ಕಡೆಯವರು, ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ಅಚ್ಚ ಕನ್ನಡ, ಪೊಲೀಸರು ಬಂದರೆ ಮರಾಠಿ. ತಮ್ಮ ಜಿಲ್ಲೆಯ ಗೌಂಡಿಗಳಿಗೂ ಕೂಲಿಗಳಿಗೂ ಊರಿಗೆ ಹೋಗುವ ರೈಲಿನ ಟಿಕೆಟು ತೆಗೆಸಿಕೊಡುವುದರಿಂದ ಅವರ ವೃತ್ತಿ ಆರಂಭವಾಯಿತಂತೆ. ನಾನು ಅವರನ್ನು ಬಲ್ಲ ಕಾಲಕ್ಕೆ ಒಬ್ಬರನ್ನು ಹಜ್ಜಿಗೂ ಮತ್ತೊಬ್ಬರನ್ನು ಕಾಶಿಗೂ ಒಂದೇ ಮೇಜಿನಿಂದ ಕಳುಹಿಸುತ್ತಿದ್ದರು.

ನಾನು ಸಂಸ್ಕೃತದ ಅಧ್ಯಾಪಕನಾಗಿ ನಿವೃತ್ತನಾದವನು. ಬದರಿಯ ಯಾತ್ರೆಗೆಂದು ಮೊದಲ ಸಲ ಅವರಲ್ಲಿಗೆ ಹೋದಾಗ ಅವರು ದಿನಾಂಕ ಕೇಳಲಿಲ್ಲ, ಎಷ್ಟು ಜನವೆಂದೂ ಕೇಳಲಿಲ್ಲ. “ಯಾಕ ಹೊಂಟೀರಿ?” ಎಂದರು. ಈ ಪ್ರಶ್ನೆ ಎಲ್ಲರಿಗೂ ಇತ್ತು. ಬೊರಿವಲಿಯಿಂದ ಬಂದಿದ್ದ ಸಿರಿವಂತ ದಂಪತಿಗಳು ಒಮ್ಮೆ ಇದಕ್ಕೆ ಸಿಟ್ಟಾಗಿ, “ನಿಮಗ್ಯಾಕೆ ಅದು?” ಎಂದದ್ದನ್ನು ನಾನೇ ಕೇಳಿದ್ದೇನೆ.

“ಹಿಮಾ ನೋಡಾಕ ಹೊಂಟಿದ್ರ ಥಂಡಿ ಇದ್ದಾಗ ಕಳಿಸಬೇಕ್ರಿ,” ಎಂದರು ಸಾಹೇಬರು ಶಾಂತವಾಗಿ. “ಸಿಟ್ಟು ಆರಿಸ್ಕೊಳ್ಳಾಕ ಹೊಂಟಿದ್ರ ಯಾವಾಗ ಹೋದ್ರೂ ನಡೀತೈತಿ.”

ಆ ದಂಪತಿಗಳು ನಕ್ಕುಬಿಟ್ಟರು. ಸುಮ್ಮನೆ ತಿರುಗಾಡಲಿಕ್ಕೆ ಎಂದವರ ಕೆಲಸವನ್ನು ಅವರು ಒಂದು ಲೋಟ ಚಹಾದೊಳಗೆ ಮುಗಿಸುತ್ತಿದ್ದರು. ಉಳಿದವರ ಮಾತು ಬಂದಾಗ ಶಟರನ್ನು ಅರ್ಧ ಇಳಿಸಿ ಕುಳಿತುಕೊಳ್ಳುತ್ತಿದ್ದರು.

ಎಲ್ಲ ಪ್ರಯಾಣಕ್ಕೂ ಅವರದು ಒಂದೇ ನಿಯಮ: ತಲುಪಬೇಕಾದ ದಿನಕ್ಕಿಂತ ಒಂದು ದಿನ ಮೊದಲು ಹೊರಡಬೇಕು. “ಒಂದು ದಿನ ದಾರಿಗಿ ಬಿಡಬೇಕ್ರಿ. ಅದು ನಿಮ್ಮದಲ್ಲ, ದಾರೀದು. ಅದಕ್ಕ ಬೇಕಾದ್ರ ತಗೋತೈತಿ, ಬ್ಯಾಡಾದ್ರ ನಿಮಗ ತಿರುಗಿ ಕೊಡತೈತಿ.” ಅವರು ಸ್ವತಃ ಪತ್ನಿಯೊಡನೆ ಹಜ್ ಮಾಡಿ ಬಂದಾಗ ಕುಶಲ ಕೇಳಲು ಹೋದೆ. ಆ ಪುಣ್ಯಭೂಮಿಯ ವರ್ಣನೆಯನ್ನು ನಿರೀಕ್ಷಿಸಿದ್ದೆ. ಖರ್ಜೂರ ಕೊಟ್ಟು, “ಮಾಸ್ತರ, ಇಳ್ಕೊಂಡ ಕಡೆ ಲಿಫ್ಟಿಗಿ ಪಾಳಿ ಎಷ್ಟಿತ್ತಂತೀರಿ! ಮುಂದಿನ ಸಲ ನಮ್ಮ ಮುದುಕರನ್ನ ಕೆಳಗಿನ ಮಾಳಿಗ್ಯಾಗ ಹಾಕಸ್ತೀನಿ,” ಎಂದರು. ದೇವರ ವಿಷಯ ಎತ್ತಲಿಲ್ಲ. ಅದು ಅವರಿಗೂ ದೇವರಿಗೂ ಸಂಬಂಧಿಸಿದ್ದೆಂದು ನಾನೂ ಕೇಳಲಿಲ್ಲ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಸಾಹೇಬರನ್ನು ನಾನು ನಿಜವಾಗಿ ಅರಿತದ್ದು ಅವಳ ಪ್ರಯಾಣದಲ್ಲಿ.

ಅಕ್ಕನ ಗಂಡ ಸರಕಿನ ಹಡಗುಗಳಲ್ಲಿ ಇಂಜಿನಿಯರ್. ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ. ಐರ್ಲೆಂಡಿನ ದಕ್ಷಿಣ ತೀರದ ಬಳಿ ಹಡಗಿನಲ್ಲಿ ಜ್ವರ ಬಂದು, ಅಲ್ಲಿನ ಒಂದು ಸಣ್ಣ ಬಂದರಿನಲ್ಲಿ ಇಳಿಸಿದರಂತೆ. ಅಲ್ಲಿಯೇ ತೀರಿಕೊಂಡರು. ಆಗ ಆ ದೇಶದಲ್ಲಿ ದಹನದ ಅನುಕೂಲವೇ ಇರಲಿಲ್ಲ; ಅಲ್ಲಿನ ಪದ್ಧತಿಯಂತೆ ಮಣ್ಣಿನಲ್ಲಿಟ್ಟರು. ತಂತಿಯಲ್ಲಿ ಬಂದ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಂತೆ ನಾವು ಕೋಬ್ ಎಂದು ಓದಿದೆವು. ಇಲ್ಲಿ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸಿದೆವು. ಮಕ್ಕಳಿರಲಿಲ್ಲ. ಪ್ರತಿವರ್ಷ ಜ್ಯೇಷ್ಠ ಬಹುಳ ದಶಮಿಯಂದು ಅಕ್ಕ ನನ್ನ ಕೈಗೆ ದರ್ಭೆ ಕೊಟ್ಟು ಶ್ರಾದ್ಧ ಮಾಡಿಸುತ್ತ ಬಂದಳು. ಎಪ್ಪತ್ತು ದಾಟಿದ ಮೇಲೆ, ಹೃದಯದ ಚಿಕಿತ್ಸೆಯಾಗಿ ಮನೆಗೆ ಬಂದ ಅಕ್ಕ ಒಂದು ದಿನ, “ಅವರ ತಿಥಿಗೆ ಒಮ್ಮೆ ಅವರ ಮುಂದ ನಿಂತು ಎಳ್ಳು ನೀರು ಬಿಡಬೇಕು. ಒಮ್ಮೆ ಸಾಕು,” ಎಂದಳು. ವೈದ್ಯರನ್ನು ಕೇಳಿದೆವು. ಒಂದು ಸಲವಾದರೆ ಹೋಗಬಹುದು, ಮತ್ತೆ ಮತ್ತೆ ಇಂಥ ಸಾಹಸ ಬೇಡ ಎಂದರು.

ಇಬ್ಬರೂ ಹೋಗಿ ಸಾಹೇಬರ ಎದುರು ಕುಳಿತೆವು. “ಯಾಕ ಹೊಂಟೀರಿ, ಅಕ್ಕಾರ?” ಎಂದರು. ಅಕ್ಕ ಹೇಳಿದಳು. ಸಾಹೇಬರು ಎದ್ದು ಶಟರನ್ನು ಅರ್ಧ ಇಳಿಸಿದರು.

ಬಹಳ ಹೊತ್ತಿನ ಮೇಲೆ ಬೆರಳನ್ನು ನೀರಿನಲ್ಲಿ ಅದ್ದಿದರು. ಮುಂಬೈಯಿಂದ ಕೊಲ್ಲಿಯ ಒಂದು ಊರು, ಅಲ್ಲಿಂದ ಡಬ್ಲಿನ್, ಡಬ್ಲಿನ್ನಿನಿಂದ ರೈಲಿನಲ್ಲಿ ಕಾರ್ಕ್, ಕಾರ್ಕಿನಿಂದ ಇನ್ನೊಂದು ಸಣ್ಣ ರೈಲು. “ಇದು ನಮ್ಮ ಲೋಕಲ್ ಇದ್ದಂಗ್ರಿ. ಕಡೀ ಸ್ಟೇಷನ್. ದಂಡೀ ಮ್ಯಾಲೇ ಇಳಸ್ತೈತಿ.” ಗಾಜಿನ ಅಂಚಿಗೆ ಬಂದು ನೀರಿನ ಗೆರೆ ಮುಗಿಯಿತು. ಲಂಡನ್ನಿನ ಮೇಲಿನಿಂದ ಹೋದರೆ ಸುಲಭವಲ್ಲವೇ ಎಂದೆ. ಅದು ಬೇರೆ ದೇಶ, ಅವರ ವೀಸಾ ಬೇರೆ, ಇವರದು ಬೇರೆ ಎಂದು ವಿವರಿಸಿ, “ಅಲ್ಲಿ ಹೋಗಿ ಯಾರ ಮುಂದರ ‘ನಿಮ್ಮ ಊರು ಇಂಗ್ಲೆಂಡಿನ್ಯಾಗ ಐತಲ್ಲಾ’ ಅಂದಗಿಂದೀರಿ, ಮಾಸ್ತರ. ಚಹಾನೂ ಕೊಡಂಗಿಲ್ಲ,” ಎಂದರು.

ನನ್ನ ಮನಸ್ಸಿನಲ್ಲಿ ಮತ್ತೊಂದು ಶಂಕೆಯಿತ್ತು. ಸಮುದ್ರೋಲ್ಲಂಘನವನ್ನು ನಮ್ಮ ಹಿರಿಯರು ನಿಷೇಧಿಸಿದ್ದರು. ಅದನ್ನು ಸಂಕೋಚದಿಂದ ಹೇಳಿದೆ. ಸಾಹೇಬರು ಗಂಭೀರವಾಗಿ ಯೋಚಿಸಿದಂತೆ ಮಾಡಿ, “ವಿಮಾನಕ್ಕ ಸಮುದ್ರ ತಟ್ಟಂಗಿಲ್ಲಲ್ರಿ,” ಎಂದರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ನಮ್ಮ ಪುರೋಹಿತರನ್ನು ಕೇಳಿದೆ. ಪಿತೃಕಾರ್ಯಕ್ಕಾಗಿ ಹೋಗುವವನಿಗೆ ಹಿಂದಿರುಗಿದ ಮೇಲೆ ಪ್ರಾಯಶ್ಚಿತ್ತವಿದೆ ಎಂದರು. ಶಂಕೆ ತೀರಿತು.

ಸಾಹೇಬರು ಸಿದ್ಧತೆಗೆ ಕುಳಿತರು. ಜೂನ್ ತಿಂಗಳೆಂದರೆ ಆ ಊರಿಗೆ ಪ್ರವಾಸಿಗಳ ಕಾಲ. ದೊಡ್ಡ ದೊಡ್ಡ ವಿಹಾರದ ಹಡಗುಗಳು ಬಂದು ನಿಲ್ಲುತ್ತವೆ, ಕೋಣೆಗಳು ಸಿಗುವುದಿಲ್ಲ. ಊರು ಗುಡ್ಡದ ಇಳಿಜಾರಿನಲ್ಲಿದೆ, ಬೀದಿಗಳು ಕಡಿದು. ಅಕ್ಕನ ಮೊಣಕಾಲು ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ನೀರಿನ ಮಟ್ಟದಲ್ಲಿಯೇ, ಸ್ಟೇಷನ್ನಿಗೆ ಹತ್ತಿರವಿರುವ ವಸತಿಗೃಹ ಬೇಕು. ಒಂದನ್ನು ಹುಡುಕಿ, ನಮ್ಮೆದುರಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ಹಲೋ, ಕೋಬ್?” ಎಂದರು.

“ಕೋವ್,” ಎಂದಿತು ಒಂದು ಹೆಣ್ಣುದನಿ.

“ಸಾರಿ ಮೇಡಂ, ರಾಂಗ್ ನಂಬರ್.” ಇಟ್ಟುಬಿಟ್ಟರು.

ಮತ್ತೆ ಹಚ್ಚಿದರು. ಮತ್ತೆ ಅದೇ ದನಿ, ಮತ್ತೆ ಕೋವ್. ಮತ್ತೆ ಕ್ಷಮೆ ಕೇಳಿ ಇಟ್ಟರು. ಮುಂದಿನ ಸಲ ಆಕೆಯೇ ಆತುರಾತುರವಾಗಿ, ದಯವಿಟ್ಟು ಇಡಬೇಡಿ, ನೀವು ಹುಡುಕುತ್ತಿರುವ ಊರು ಇದೇ, ಬರೆಯುವುದು ಹಾಗೆ, ಕರೆಯುವುದು ಹೀಗೆ ಎಂದು ವಿವರಿಸಿದಳು. ಸಾಹೇಬರು ಹಣೆ ಬಡಿದುಕೊಂಡರು. ಆಮೇಲೆ ಅವರಿಬ್ಬರ ಮಾತು ಅರ್ಧ ಗಂಟೆ ನಡೆಯಿತು. ಬಿಸಿನೀರು, ಮೆಟ್ಟಿಲು, ಮೊಸರು, ಊರಾಚೆಯ ಸ್ಮಶಾನ. ಭಾವನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದರು. ಒಂದೆರಡು ದಿನಗಳಲ್ಲಿ ಆಕೆ ವಿಚಾರಿಸಿ, ಸಮಾಧಿ ಇದೆ, ಕಲ್ಲೂ ಇದೆ ಎಂದು ತಿಳಿಸಿದಳು.

ಅಂದು ಮಾತು ಮುಗಿದ ಮೇಲೆ ಅಕ್ಕ ತನ್ನಷ್ಟಕ್ಕೆ “ಕೋವ್” ಎಂದು ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಂಡಳು. “ಇಷ್ಟು ವರ್ಷ ಆ ಊರಿನ ಹೆಸರ ತಪ್ಪು ಹೇಳ್ಕೋತ ಬಂದೆ, ಸಾಹೇಬರ.”

“ಇಲ್ಲಿ ಬೋರ್ಡ್ ನೋಡ್ರಿ ಅಕ್ಕಾರ. ಇಂಗ್ಲಿಷಿನ್ಯಾಗ ಸಯನ್, ಮರಾಠಿಯೊಳಗ ಶೀವ್. ಏನರ ಅನ್ರಿ, ಲೋಕಲ್ ಬಂದು ಅಲ್ಲೇ ನಿಲ್ತೈತಿ.”

ಅಕ್ಕನಿಗೆ ಹೃದಯದ ಭಾರ ಇಳಿದಂತಾದದ್ದನ್ನು ನಾನು ಕಂಡೆ.

ವೀಸಾ ಬರುವುದು ತಡವಾಯಿತು. ಗೋಡೆಯ ಪಂಚಾಂಗದಲ್ಲಿ ದಶಮಿ ಶ್ರಾದ್ಧ ಮಂಗಳವಾರವೆಂದಿತ್ತು. ಸೋಮವಾರ ಬೆಳಿಗ್ಗೆ ಡಬ್ಲಿನ್ನಿನಲ್ಲಿ ಇಳಿಯುವ ವಿಮಾನದಲ್ಲಿ ಮಾತ್ರ ಸ್ಥಳ ಸಿಕ್ಕಿತು. ಸಾಹೇಬರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೀರ್ಮಾನಿಸಿದರು: ಸೋಮವಾರ ದಾರಿಯ ದಿನ, ಅಕ್ಕ ಡಬ್ಲಿನ್ನಿನಲ್ಲಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳಲಿ, ಮಂಗಳವಾರ ಬೆಳಗಿನ ರೈಲಿಗೆ ಕೋವ್, ಅಪರಾಹ್ನಕ್ಕೆ ತರ್ಪಣ. ಎಲ್ಲರಿಗೂ ಸರಿಯೆನಿಸಿತು.

ಹೊರಡುವ ಹಿಂದಿನ ದಿನ ಬಂದು ನಮ್ಮ ಸಾಮಾನನ್ನು ಪರೀಕ್ಷಿಸಿದರು. ತುಪ್ಪದ ಡಬ್ಬಿಯನ್ನು ತೆಗೆಸಿದರು. ಹಾಲು, ತುಪ್ಪ ಆ ದೇಶದೊಳಗೆ ಬಿಡುವುದಿಲ್ಲ. ದರ್ಭೆಯ ಕಟ್ಟನ್ನು ಕಂಡು ತಲೆಯಾಡಿಸಿದರು. “ಹುಲ್ಲು ಒಯ್ಯಾಕ ಆಗಂಗಿಲ್ರಿ. ಬ್ಯಾರೆ ಏನರ ನಡೀತೈತೇನು?” ಬೆಳ್ಳಿಯ ಪವಿತ್ರದುಂಗುರ ನಡೆಯುತ್ತದೆ ಎಂದೆ. “ಎಳ್ಳು ತಿನ್ನೋ ಪದಾರ್ಥ; ಕೇಳಿದ್ರ ತೋರಸ್ರಿ, ಮುಚ್ಚಿಡಬ್ಯಾಡ್ರಿ. ಛತ್ರಿ ಬ್ಯಾಡ. ಅಲ್ಲಿ ಗಾಳಿಗಿ ಉಲ್ಟಾ ಆಗತೈತಿ. ಧೋತ್ರದ ಮ್ಯಾಲ ರೇನ್‌ಕೋಟ್ ಹಾಕ್ಕೊಳ್ರಿ, ಯಾರ ನೋಡ್ತಾರ?”

ಸೋಮವಾರ ಬೆಳಿಗ್ಗೆ ಡಬ್ಲಿನ್ನಿನಲ್ಲಿ ಇಳಿದೆವು. ವಸತಿಗೃಹದ ಕೋಣೆಯಲ್ಲಿ ನಾನು ಸಂಧ್ಯಾವಂದನೆ ಮುಗಿಸಿ ಕಣ್ಣು ಮುಚ್ಚಿದ್ದೆ. ಅಕ್ಕ ಮಲಗಿರಲಿಲ್ಲ. ಮನೆಯ ಕ್ಯಾಲೆಂಡರಿನ ಆ ತಿಂಗಳ ಹಾಳೆಯನ್ನು ಹರಿದುಕೊಂಡು ಬಂದಿದ್ದಳು. ಏಕಾದಶಿಯ ಪಾರಣೆಯನ್ನು ಗಳಿಗೆ ನೋಡಿಯೇ ಮಾಡುವ ಅಭ್ಯಾಸ ಅವಳದು.

“ತಮ್ಮಾ, ಸಯನ್ನಿನ್ಯಾಗ ಈಗ ಎಷ್ಟ ಗಂಟೆ?”

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು. ಐರ್ಲೆಂಡಿನ ಬೇಸಗೆಯ ವೇಳೆ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ. “ಮೂರೂವರಿ,” ಎಂದೆ.

“ಇದರಾಗ ದಶಮಿ ಇವತ್ತು ಸಂಜೀ ಐದಕ್ಕ ಹತ್ತತದ ಅಂತ ಅದ. ಅಲ್ಲಿ ಐದು ಅಂದ್ರ ಇಲ್ಲಿ?”

“ಹನ್ನೆರಡೂವರಿ.”

“ನಾಳೆ ನಾಲ್ಕಕ್ಕ ಮುಗೀತದ. ಅಂದ್ರ ಇಲ್ಲಿ?”

“ಹನ್ನೊಂದೂವರಿ. ಬೆಳಿಗ್ಗೆ.”

ಅಕ್ಕ ಹಾಳೆಯನ್ನು ಮಡಿಲಿನಲ್ಲಿಟ್ಟುಕೊಂಡು ನನ್ನನ್ನು ನೋಡಿದಳು. “ಮತ್ತ ನಾಳೆ ಮಧ್ಯಾಹ್ನ ನಾವು ಮಾಡೋದು ಯಾರ ಶ್ರಾದ್ಧ?”

ನಾನು ಎದ್ದು ಕುಳಿತೆ. ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯದು ಅಪರಾಹ್ನ. ಆ ಹೊತ್ತಿನಲ್ಲಿ ತಿಥಿ ಇರುವ ದಿನವೇ ಶ್ರಾದ್ಧದ ದಿನ. ಮುಂಬೈಯಲ್ಲಿ ಮಂಗಳವಾರದ ಅಪರಾಹ್ನಕ್ಕೆ ದಶಮಿಯಿದೆ. ಇಲ್ಲಿ ಮಂಗಳವಾರ ಅಪರಾಹ್ನ ಬರುವ ಮೊದಲೇ ದಶಮಿ ಕಳೆದುಹೋಗಿರುತ್ತದೆ. ಇಲ್ಲಿ ದಶಮಿಯ ಅಪರಾಹ್ನ ಇಂದೇ, ಸೋಮವಾರವೇ. ಬಂದವರು ತಿಥಿಯ ದಿನವೇ ಬಂದಿದ್ದೆವು. ಆದರೆ ಆ ಸಮಾಧಿಯಿಂದ ಬಹು ದೂರದಲ್ಲಿ, ಪರದೆ ಎಳೆದ ಕೋಣೆಯೊಂದರಲ್ಲಿ ಕುಳಿತಿದ್ದೆವು.

ಸಾಹೇಬರಿಗೆ ಫೋನ್ ಮಾಡಿದೆ. ನಾನು ಹೇಳುವುದನ್ನು ಪೂರ್ತಿ ಕೇಳಿದರು. 

“ತಪ್ಪು ನಂದ್ರಿ ಮಾಸ್ತರ,” ಎಂದರು. “ನಮ್ಮ ಈದ್ ಹಂಗ ನೋಡ್ರಿ. ಕೊಲ್ಲೀ ಕಡೆ ಒಂದಿನ ಮೊದಲ, ನಮಗ ಮರುದಿನ. ಚಂದ್ರ ಒಬ್ಬನ, ಊರು ಬ್ಯಾರೆ. ಹುಟ್ಟಿದಾಗಿಂದ ನೋಡೀನಿ. ಆದ್ರ ನಾವು ಕಣ್ಣಿಲೆ ನೋಡವರು, ನಿಮ್ಮದು ಛಾಪಿಸಿದ್ದು. ಛಾಪಿಸಿದ್ದು ಎಲ್ಲಾ ಕಡೆ ಒಂದ ಇರ್ತೈತಿ ಅಂತ ತಿಳದೆ.”

ಪಂಚಾಂಗ ಓದಬಲ್ಲ ನಾವು ಯಾರೂ ಅದನ್ನು ಯೋಚಿಸಿರಲಿಲ್ಲವೆಂದೆ. ಅವರು ಆ ಮಾತಿಗೆ ನಿಲ್ಲಲಿಲ್ಲ.

“ಅಕ್ಕಾರ ನಡೀತಾರೇನು?”

ಅಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಂಡು, ಎಳ್ಳಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, “ಹೆಂಗ ಹೋಗಬೇಕು ಅಷ್ಟು ಹೇಳ್ರಿ, ಸಾಹೇಬರ,” ಎಂದಳು.

ಅವರು ಹೇಳಿದರು. ಟ್ಯಾಕ್ಸಿಯಲ್ಲಿ ಯಾವ ಸ್ಟೇಷನ್, ಅಲ್ಲಿ ಯಾವ ರೈಲು, ಕಾರ್ಕಿನಲ್ಲಿ ಇಳಿದ ಮೇಲೆ ಹೊರಗೆ ಬರದೆ ಅದೇ ಸ್ಟೇಷನ್ನಿನ ಯಾವ ಕಡೆಗೆ ನಡೆಯಬೇಕು. ನಮ್ಮ ಕೋಣೆಯ ಮೇಜಿನ ಮೇಲೆ ಅಕ್ಕನ ನೀರಿನ ಲೋಟವಿತ್ತು. ಅವಳು ಅದರಲ್ಲಿ ಬೆರಳದ್ದಿ, ಅವರು ಹೇಳಿದಂತೆ ಗೆರೆ ಎಳೆದುಕೊಂಡಳು.

ಟ್ಯಾಕ್ಸಿ ಸಿಗುವುದು ತಡವಾಗಿ, ಒಂದು ಗಾಡಿ ತಪ್ಪಿ, ಮುಂದಿನ ರೈಲಿನಲ್ಲಿ ಕುಳಿತಾಗ ಎರಡು ಗಂಟೆ. ಇಕ್ಕೆಲದಲ್ಲಿ ಹಸಿರು ಹೊಲಗಳು, ಕಲ್ಲಿನ ಬೇಲಿಗಳು, ಮಂದೆಗಳು. ನಾನು ಅವನ್ನು ಕಂಡೆನೆಂದು ಹೇಳಲಾರೆ. ನಮ್ಮ ಲೆಕ್ಕದಲ್ಲಿ ಅಪರಾಹ್ನ ನಾಲ್ಕೂವರೆಯ ಹೊತ್ತಿಗೆ ಮುಗಿಯುತ್ತದೆ. ಆಗ ನಾವು ಕಾರ್ಕ್ ತಲುಪಿರುತ್ತೇವೆ, ಅಷ್ಟೆ. ಅಕ್ಕ ಕಿಟಕಿಯ ಬಳಿ ತುಟಿ ಬಿಗಿದು ಕುಳಿತಿದ್ದಳು. “ತಪ್ಪಿದ್ರ ತಪ್ಪೀತು. ಮುಖಾ ನೋಡಿಕೊಂಡರ ಬರೋಣ,” ಎಂದಳು. ಅವಳು ಹಾಗೆ ಹೇಳಿದ್ದು ನನ್ನನ್ನು ಸಮಾಧಾನ ಮಾಡಲಿಕ್ಕೆಂದು ನನಗೆ ತಿಳಿದಿತ್ತು.

ಫೋನ್ ಬಂತು. ಸಾಹೇಬರು ಕೋವ್‌ನ ವಸತಿಗೃಹದ ಒಡತಿಯೊಡನೆ ಮಾತಾಡಿದ್ದರು.

“ಮಾಸ್ತರ, ಆ ಬಾಯೀನ ಕೇಳಿದೆ. ಕೋಣೆ ಇವತ್ತೂ ಖಾಲಿ ಐತಂತ. ಇನ್ನೊಂದು ಮಾತು. ಅಲ್ಲಿ ಈಗ ಸೂರ್ಯ ಐದಕ್ಕ ಹುಟ್ಟಿ ರಾತ್ರಿ ಹತ್ತರ ಹತ್ರ ಮುಳುಗತಾನಂತ್ರಿ. ಇದರಿಂದ ನಿಮಗೇನರ ಅನುಕೂಲ ಐತೇನು? ನಮ್ಮ ನಮಾಜಿನ ವ್ಯಾಳೆ ಆದ್ರ ಪೂರಾ ಬದಲ ಆಕ್ಕೈತಿ, ಅದಕ್ಕ ಕೇಳಿದೆ.”

ಅಪರಾಹ್ನ ಗಡಿಯಾರದ್ದಲ್ಲ; ಅದು ಹಗಲಿನ ಭಾಗ. ಹಗಲು ಸುಮಾರು ಹದಿನೇಳು ತಾಸಿನದಾದರೆ ಅದರ ಐದರಲ್ಲೊಂದು ಭಾಗ ಮೂರು ತಾಸಿಗೂ ಹೆಚ್ಚು. ನಾಲ್ಕನೆಯ ಭಾಗ ಮೂರು ಗಂಟೆಯ ನಂತರ ಆರಂಭವಾಗಿ ಆರೂವರೆಯ ತನಕ ಇರುತ್ತದೆ. ಬೆರಳ ಗೆಣ್ಣುಗಳ ಮೇಲೆ ಎಣಿಸಿ ಮತ್ತೆ ಎಣಿಸಿದೆ. ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ನಾಲ್ಕು ಗಂಟೆಯ ಬಿಸಿಲು ನಮ್ಮೂರಿನ ನಡುಹಗಲಿನಂತೆ ನಿಂತಿತ್ತು.

“ಛಲೋ ದೇಶ ಅದ,” ಎಂದಳು.

ಕಾರ್ಕಿನಲ್ಲಿ ಗಾಡಿ ಬದಲಿಸಿದೆವು. ಸಣ್ಣ ರೈಲು ನೀರಿನ ಅಂಚಿನಲ್ಲಿಯೇ ಹೋಗಿ ನಮ್ಮನ್ನು ಕೋವ್‌ನಲ್ಲಿ ಇಳಿಸಿತು. ಐದೂವರೆಯಾಗಿತ್ತು. ದಂಡೆಯಲ್ಲಿ ಒಂದು ಮಹಾನೌಕೆ ಬಿಲ್ಡಿಂಗಿನಂತೆ ನಿಂತಿತ್ತು. ಬಣ್ಣಬಣ್ಣದ ಮನೆಗಳ ಬೀದಿಯ ತುಂಬ ಪ್ರವಾಸಿಗಳು. ಗುಡ್ಡದ ಮೇಲೆ ದೊಡ್ಡ ಇಗರ್ಜಿ. ಟ್ಯಾಕ್ಸಿ ಒಂದೂ ಇರಲಿಲ್ಲ. ಆದರೆ ಸ್ಟೇಷನ್ನಿನ ಬಾಗಿಲಿನಲ್ಲಿ, ನೀಲಿ ಸ್ವೆಟರು ತೊಟ್ಟ ಒಬ್ಬ ಹೆಂಗಸು ರಟ್ಟಿನ ಮೇಲೆ ಅಕ್ಕನ ಹೆಸರನ್ನು ದೊಡ್ಡದಾಗಿ ಬರೆದುಕೊಂಡು ನಿಂತಿದ್ದಳು. ವಸತಿಗೃಹದ ಒಡತಿ. ಮುಂಬೈಯ ಮಹನೀಯರು ಮತ್ತೆ ಮತ್ತೆ ಫೋನ್ ಮಾಡಿ, ಇಂದು ಹಡಗಿನ ದಿನ, ಬಾಡಿಗೆಯ ಗಾಡಿ ಸಿಗುವುದಿಲ್ಲ, ನೀವೇ ಬರಬೇಕು ಎಂದು ಬೇಡಿಕೊಂಡರು ಎಂದಳು. ಅವಳ ಕಾರಿನಲ್ಲಿ ಗುಡ್ಡ ಹತ್ತಿ ಊರಾಚೆಯ ಸ್ಮಶಾನಕ್ಕೆ ಹೋದೆವು. ದಾರಿಯಲ್ಲಿ ನಾನು ಮಂತ್ರಸ್ನಾನ ಮಾಡಿಕೊಂಡೆ. ಮಾರ್ಗಸ್ಥನಿಗೆ ಅದು ಸಲ್ಲುತ್ತದೆ.

ಗೋಡೆಯ ಬದಿಗೆ, ಒಂದು ಮರದ ಕೆಳಗೆ ಭಾವನ ಕಲ್ಲಿತ್ತು. ಹೆಸರಿನ ಅಕ್ಷರಗಳಲ್ಲಿ ಪಾಚಿ ಕಟ್ಟಿತ್ತು. ಹುಲ್ಲನ್ನು ಯಾರೋ ಕತ್ತರಿಸಿದ್ದರು. ಹೂಗಿಡಗಳಿಗೆಂದು ಇಟ್ಟ ನಲ್ಲಿಯಿಂದ ನೀರು ತಂದೆ. ದಕ್ಷಿಣಕ್ಕೆ ಮುಖ ಮಾಡಿ, ಯಜ್ಞೋಪವೀತವನ್ನು ಬಲಕ್ಕೆ ಬದಲಿಸಿ, ರೇನ್‌ಕೋಟಿನ ತೋಳ ಮಡಿಸಿ ನಿಂತೆ. ಅಕ್ಕ ಬೆಳ್ಳಿಯ ಪವಿತ್ರವನ್ನು ನನ್ನ ಬೆರಳಿಗೆ ತೊಡಿಸಿದಳು. ಸಂಕಲ್ಪದಲ್ಲಿ ಊರಿನ ಹೆಸರು ಬರುವಲ್ಲಿ ನಾನು ತಡೆದಾಗ ಅವಳೇ “ಕೋವ್” ಎಂದು ಸ್ಪಷ್ಟವಾಗಿ ನುಡಿದಳು. ಎಳ್ಳು ನೀರು ಬಿದ್ದಿತು. ಒಡತಿ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮುಗಿಸಿ ಆಚಮನ ಮಾಡಿದಾಗ ಆರು ಕಳೆದಿತ್ತಷ್ಟೆ.

ಅಕ್ಕ ಕಲ್ಲಿನ ಮೇಲೆ ಅಂಗೈ ಇಟ್ಟು ಕುಳಿತಳು. ಅವಳು ಏನನ್ನಾದರೂ ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಸ್ಮಶಾನದ ಬಾಗಿಲಿನ ತನಕ ನಡೆದುಹೋಗಿದ್ದೆ.

ಉಳಿದ ದಿನಗಳನ್ನು ಆ ಊರಿನಲ್ಲಿ ಕಳೆದೆವು. ಅಕ್ಕ ದಿನವೂ ದಂಡೆಯ ಬೆಂಚಿನ ಮೇಲೆ ಕುಳಿತು ಹಡಗುಗಳನ್ನು ನೋಡಿದಳು. ಹಿಂದಿರುಗಿದ ಮೇಲೆ ಸಾಹೇಬರಿಗೆ ನಮಸ್ಕರಿಸಲು ಹೋದೆವು. ಅವರು ಕೃತಜ್ಞತೆಯ ಮಾತಿಗೆ ಎಡೆಯನ್ನೇ ಕೊಡಲಿಲ್ಲ. ಬಿಸಿನೀರು ಸರಿಯಾಗಿ ಬರುತ್ತಿತ್ತೇ ಎಂದರು. ಬರುತ್ತಿತ್ತು ಎಂದಳು ಅಕ್ಕ. ಮೊಸರು? ಹುಳಿ ಇರಲಿಲ್ಲ ಎಂದಳು. ಅದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಂತೆ ಕಂಡಿತು. ಆಮೇಲೆ ಅವರ ಗೋಡೆಯ ಪಂಚಾಂಗದ ವಿಷಯದಲ್ಲಿ ಒಂದು ಬದಲಾವಣೆಯಾಯಿತು: ಪರದೇಶದಲ್ಲಿ ವ್ರತವನ್ನೋ ತಿಥಿಯನ್ನೋ ಆಚರಿಸುವವರು ಬಂದರೆ, “ಮೊದಲ ಮಾಸ್ತರನ್ನ ಕೇಳ್ಕೊಂಡ ಬರ್ರಿ, ಅಲ್ಲಿ ಯಾವಾಗಂತ,” ಎಂದು ನನ್ನ ಮನೆಗೆ ಕಳುಹಿಸತೊಡಗಿದರು. ಹಾಗೆ ಅಂಧೇರಿಯಿಂದ ಒಬ್ಬರು, ಡೊಂಬಿವಲಿಯಿಂದ ಇಬ್ಬರು ಬಂದುಹೋದರು. ನಾನು ಲೆಕ್ಕ ಹಾಕಿಕೊಡುತ್ತಿದ್ದೆ. ನಿವೃತ್ತಿಯ ನಂತರ ನನ್ನ ವಿದ್ಯೆಯನ್ನು ಕೇಳಿಕೊಂಡು ಬಂದವರೆಂದರೆ ಸಾಹೇಬರು ಕಳುಹಿಸಿದವರು ಮಾತ್ರ.

ಮರುವರ್ಷ ಚಳಿಗಾಲದ ಒಂದು ಮಧ್ಯಾಹ್ನ, ನಮಾಜಿಗೆ ಕೈಕಾಲು ತೊಳೆಯಲು ಎದ್ದ ಸಾಹೇಬರು ಹಾಗೆಯೇ ಕುಸಿದರು. ಆಸ್ಪತ್ರೆ ಹತ್ತಿರವೇ ಇದ್ದರೂ ಪ್ರಯೋಜನವಾಗಲಿಲ್ಲ. ಸಂಜೆಯ ಹೊತ್ತಿಗೆ ಕಬರಸ್ತಾನಕ್ಕೆ ಒಯ್ದರು. ಅಕ್ಕ, “ನೀ ಹೋಗು. ನಮ್ಮ ಮನಿಯಿಂದ ಒಬ್ಬರು ಇರಬೇಕು,” ಎಂದಳು. ಹೋದೆ. ಗೌಂಡಿಗಳು, ಟ್ಯಾಕ್ಸಿಯವರು, ಕಾಶಿಗೆ ಹೋಗಿಬಂದ ಮುದುಕರು, ನಮ್ಮ ಬಿಲ್ಡಿಂಗಿನವರು, ಎಲ್ಲರೂ ಇದ್ದರು. ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ನಾನು ಹಿಂದೆ ನಿಂತಿದ್ದೆ. ಅವರ ಮಗ ನನ್ನನ್ನು ಕಂಡು ದಾರಿ ಬಿಡಿಸಿ, “ಬರ್ರಿ ಮಾಸ್ತರ, ನೀವೂ ಮಣ್ಣ ಕೊಡ್ರಿ,” ಎಂದ. ಅಲ್ಲಿನವರು ಮಾಡಿದಂತೆ ಮೂರು ಹಿಡಿ ಹಾಕಿದೆ. ಮಣ್ಣು ಒದ್ದೆಯಾಗಿತ್ತು, ಅಂಗೈಗೆ ಅಂಟಿಕೊಂಡಿತು.

ಮನೆಗೆ ಬಂದಾಗ ಅಕ್ಕ ಸ್ನಾನಕ್ಕೆ ನೀರು ಕಾಯಿಸಿಟ್ಟು ಬಾಗಿಲಿನಲ್ಲಿಯೇ ನಿಂತಿದ್ದಳು.

“ಮಣ್ಣ ಕೊಟ್ಯಾ?”

“ಕೊಟ್ಟೆ.”

“ಮಂದಿ ಬಂದಿದ್ರೇನು?”

“ಭಾಳ ಮಂದಿ. ಅರ್ಧಕ್ಕರ್ಧ ಅವರಿಗೆ ಬಳಗ ಅಲ್ಲ.”

ಅಕ್ಕ ನನ್ನ ಕೈಗಳನ್ನು ನೋಡಿದಳು. ತಂಬಿಗೆಯಿಂದ ನೀರು ಹಾಕಲು ಬಾಗಿದವಳು ಹಾಗೆಯೇ ತಡೆದು ನಿಂತಳು.

“ಅವತ್ತ ಕೋವ್‌ನ್ಯಾಗೂ ಯಾರೋ ಹಿಂಗ ಮಣ್ಣ ಕೊಟ್ಟು, ಮನೀಗೆ ಹೋಗಿ ಕೈ ತೊಳಕೊಂಡಿರಬೇಕು, ತಮ್ಮಾ,” ಎಂದಳು. “ಅವರ ಹೆಸರು ಕೇಳಬೇಕು ಅಂತ ನಂಗ ಇಷ್ಟು ವರ್ಷ ಹೊಳೀಲೇ ಇಲ್ಲ ನೋಡು.”